ಯಾರ ಹೊಲ ಎಂದು ಕೇಳಿದರೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹುಮನಾಬಾದ ತಾಲ್ಲೂಕಿನ ಘಾಟಬೋರಾಳದ ಹಳ್ಳದ ದಂಡೆ. ಹೊಲದ ಗುಡಿಸಲೊಂದರ ಮುಂದೆ ರತ್ನಮಾಲಾ ಮೊಬೈಲ್ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಗುಡಿಸಲಿನ ಮೀನಾ ಎಮ್ಮೆ ಹಿಂಡುತ್ತಲೇ ಉತ್ತರ ಕೊಡುತ್ತಾಳೆ.

“ಇದು ಯಾರ ಹೊಲ ತಂಗಿ?”

“ರೂಪಾಲಿ ಅಪ್ಪಂದು.”

“ರೂಪಾಲಿ ಅಪ್ಪಗ ಅವರವ್ವ ಹೆಸರ ಇಟ್ಟಿಲ್ಲೇನು?”

“ಇಟ್ಟಾಳ. ಹೋಗಿ ಆಕಿನ್ನೇ ಕೇಳಕ್ಕಾ!”

ಗಂಡನ ಹೆಸರು ಬಾಯಲ್ಲಿ ತರುವ ರೂಢಿ ಇಲ್ಲಿಲ್ಲ; ಮಗಳ ಹೆಸರು ಹಿಡಿದೇ ಹೇಳುವುದು. ರತ್ನಮಾಲಾ ಒತ್ತಾಯಿಸುವುದಿಲ್ಲ. “ಹೋಗ್ಲಿ, ಕೂಲಿ ಹೆಂಗಸರಿಗಿ ಎಲ್ಲಿಗಿ ಬರ್ರಿ ಅಂತಿ?”

“ಜೋಡಬೇವಿಗಿ.”

ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾದ, ಯಾರು ಬೇಕಾದರೂ ತುಂಬಬಹುದಾದ ನಕ್ಷೆಯೊಂದಿದೆ. ಅದರಲ್ಲಿ ರತ್ನಮಾಲಾ ಈ ಗುಡಿಸಲಿನ ಜಾಗಕ್ಕೆ ಚುಕ್ಕೆ ಇಟ್ಟು ‘ಜೋಡಬೇವು’ ಎಂದು ಬರೆಯುತ್ತಾರೆ. ನೆರೆ ಬಂದಾಗ ದೋಣಿ ತರುವವರ ಫೋನಿನಲ್ಲೂ ಈಗ ಇದೇ ನಕ್ಷೆ. ಸಿಗ್ನಲ್ ಇಲ್ಲದಿದ್ದರೂ ತೆರೆದುಕೊಳ್ಳುತ್ತದೆ.

ಹೋದ ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ಸಹಾಯ ಕೇಳಿ ಫೋನ್ ಮಾಡಿದವರು ರತ್ನಮಾಲಾ. ಎತ್ತು ಬಿಚ್ಚಲು ಹೋದ ಗಂಡ ನೀರಿನ ನಡುವೆ ಜಾಲಿಮರ ಹಿಡಿದು ನಿಂತಿದ್ದರು. ಇವರ ಕೈಯಲ್ಲಿ ಗುಂಡಿ ಒತ್ತುವ ಹಳೆಯ ಫೋನ್. ಯಾರ ಹೊಲ ಎಂದು ಆ ಕಡೆಯವರು ಮೂರು ಸಲ ಕೇಳಿದರು.

“ನಮ್ಮವರ ಹೊಲ, ನಮ್ಮವರ ಹೊಲ ಅಂದೆ ನೋಡ್ರಿ. ಜೀವ ಹೋಗಾಕತ್ತಿತ್ತು, ಹೆಸರ ಬರಲಿಲ್ಲ. ಬಾಜೂ ಹೊಲದ ಗುರುಲಿಂಗಣ್ಣ ಓಡಿಬಂದು ಫೋನ್ ಕಸ್ಕೊಂಡು ಹೇಳಿದ. ಅಷ್ಟ್ರಾಗ ದೋಣಿ ಗಾಡಿ ಬ್ಯಾರೆ ದಂಡಿಗಿ ಹೋಗಿತ್ತು.”

ಗಾಡಿ ತಿರುಗಿ ಬಂದಾಗ ಮರದಲ್ಲಿ ಯಾರೂ ಇರಲಿಲ್ಲ.

ನಕ್ಷೆ ಕಲಿಸಿದವರು ಬಸವಕಲ್ಯಾಣದ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವ ಆಮಿನಾ. ರತ್ನಮಾಲಾ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದರು. ಅಕ್ಷರ ಹುಡುಕಿ ಒತ್ತುವುದಕ್ಕೇ ಎರಡು ತಿಂಗಳು ಹಿಡಿಯಿತಂತೆ. ಈಗ ಕೂಲಿಗೆ ಹೋಗುವ ಮುನ್ನ ದಿನಕ್ಕೆ ನಾಲ್ಕು ಗುಡಿಸಲು. ಈವರೆಗೆ ಇನ್ನೂರ ಹನ್ನೊಂದು ಆಗಿವೆ. ಬೇಮಳಖೇಡದ ಕಡೆ ಅರವತ್ತರಷ್ಟು ಉಳಿದಿವೆ. ಮಿರಗ, ಅಂದರೆ ಮೃಗಶಿರಾ ಮಳೆಗೆ ಇನ್ನು ಎಂಟೇ ದಿನ.

“ಎಲ್ಲಾ ಆಗಲ್ರಿ,” ಎನ್ನುತ್ತಾರೆ. “ಹಳ್ಳಕ್ಕ ಹತ್ತಿದ್ದವು ಮೊದಲ ಮಾಡಾಕತ್ತೀನಿ. ಉಳಿದವರು... ಏನ್ ಮಾಡ್ಲಿ ಹೇಳ್ರಿ?”

ಈ ಬರಹಕ್ಕೆ ಬೇಕೆಂದು ಅವರ ಗಂಡನ ಹೆಸರು ಕೇಳುತ್ತೇನೆ. ಅವರು ಬೆರಳಿನಿಂದ ನಕ್ಷೆ ಸರಿಸಿ, ಹಳ್ಳದ ತಿರುವಿನ ಒಂದು ಚುಕ್ಕೆ ತೋರಿಸುತ್ತಾರೆ. ‘ವೈಜಿನಾಥರ ಹೊಲ’ ಎಂದಿದೆ.

“ನಾನೇ ಬರದೀನ್ರಿ. ನೀವೊಂದ್ಸಲ ಜೋರಾಗಿ ಓದ್ರಿ, ಕೇಳ್ತೀನಿ.”