ಹಳೇ ಬಾಯ್ಲರಿನ ಕುಂಕುಮ

ಕಳೆದ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಗೆ ಹೊಸ ಬಾಯ್ಲರ್ ಹಾಕುವವರು ಬರುವವರಿದ್ದರು. ಜರ್ಮನಿಯಲ್ಲಿ ಎಂಟು ಎಂದರೆ ಎಂಟೇ. ನಾನು ಆರಕ್ಕೆಲ್ಲ ಎದ್ದು ಬಕೆಟ್ಟು, ಬ್ರಷ್ಷು, ವಿನೆಗರ್ ವಾಸನೆಯ ಕ್ಲೀನರ್ ಹಿಡಿದು ನೆಲಮಾಳಿಗೆಗೆ ಇಳಿದೆ. ಯಾಕೆ ಅಂತೀರಾ? ಇನ್ನೆರಡು ಗಂಟೆಯಲ್ಲಿ ಬಿಚ್ಚಿ ಗುಜರಿಗೆ ಹಾಕಲಿರುವ ಹಳೇ ಬಾಯ್ಲರನ್ನು ತೊಳೆಯುವುದಕ್ಕೆ!

ನಗಬೇಡಿ. ನೀವೂ ಇದನ್ನೇ ಮಾಡುತ್ತೀರಿ. ಕೆಲಸದವಳು ಬರುವ ಮುಂಚೆ ಒಂದು ಸಲ ಮನೆ ಗುಡಿಸುವ ಜನ ನಾವು. ಮೈ ಸುಡುವ ಜ್ವರದಲ್ಲೂ ಇಸ್ತ್ರಿ ಶರ್ಟು ಹಾಕಿಕೊಂಡೇ ಡಾಕ್ಟರ ಹತ್ತಿರ ಹೋಗುವವರು. ಈ ದೇಶಕ್ಕೆ ಬಂದ ಮೇಲಂತೂ ಈ ಕಾಯಿಲೆ ಇನ್ನೂ ಜಾಸ್ತಿಯಾಗಿದೆ. ಬಾಡಿಗೆ ಮನೆಯಲ್ಲಿದ್ದಾಗ ಓನರ್ ಬರುತ್ತಾರೆಂದರೆ ಹಿಂದಿನ ದಿನದಿಂದಲೇ ಒಗ್ಗರಣೆ ಬಂದ್. ಮೀಟರ್ ಓದುವವನು ಬರುತ್ತಾನೆಂದರೆ ಬಾಗಿಲಿನ ತೋರಣ ಬೀರುವಿನೊಳಗೆ. ಅವರು ಏನಂದುಕೊಳ್ಳುತ್ತಾರೋ! (ಅವರು ಏನೂ ಅಂದುಕೊಳ್ಳುವುದಿಲ್ಲ. ಮೀಟರ್ ಓದಿ, ನಮಸ್ಕಾರ ಹೇಳಿ ಹೋಗುತ್ತಾರೆ.)

ನಮ್ಮದು ನ್ಯೂರೆಂಬರ್ಗಿನ ಅಂಚಿನಲ್ಲಿರುವ ಒಂದು ಸಾಲುಮನೆ. ನೆಲಮಾಳಿಗೆಯಲ್ಲಿ ಹಳೇ ಗ್ಯಾಸ್ ಬಾಯ್ಲರ್. ಅದಕ್ಕೆ ಅಂಟಿಕೊಂಡಂತೆ ನನ್ನ ಎದೆಯೆತ್ತರದ ಬಿಸಿನೀರಿನ ಟ್ಯಾಂಕು. ಟ್ಯಾಂಕಿಗೆ ಬಿಳಿ ತಗಡಿನ ಹೊದಿಕೆ. ಆ ತಗಡಿನ ಮೇಲೆ ಅರಿಶಿನ ಕುಂಕುಮದ ಐದು ಬೊಟ್ಟುಗಳಿದ್ದವು. ಇಟ್ಟವಳು ನನ್ನ ಹೆಂಡತಿ ಸುಧಾ.

ಸುಧಾ ಈಗ ಇಲ್ಲ. ಮಾರ್ಚಿನಲ್ಲಿ ಹೋದಳು. ನಡುವೆ ಎರಡು ತಿಂಗಳು ಈ ಅಂಕಣ ಬರಲಿಲ್ಲ. "ಎಲ್ಲಿ ಹೋದ್ರಿ ಸಾರ್?" ಎಂದು ಬಹಳ ಜನ ಕೇಳಿದ್ದಿರಿ. ನಾನು ಯಾರಿಗೂ ಉತ್ತರ ಬರೆಯಲಿಲ್ಲ. ಉತ್ತರ ಇದೇ.

ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬ ಬರುತ್ತದಲ್ಲ? ಹಂಡೆ ತಿಕ್ಕಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುವುದು. ಬೆಳಗಾದರೆ ಎಣ್ಣೆ ನೀರು. ಸುಧಾ ಮೈಸೂರಿನವಳು, ಇದೊಂದನ್ನು ಮಾತ್ರ ಬಿಡುತ್ತಿರಲಿಲ್ಲ. ಈ ಮನೆಗೆ ಬಂದ ಮೊದಲ ವರ್ಷ "ಇಲ್ಲಿ ಹಂಡೆ ಎಲ್ಲಿಂದ ತರ್ತೀಯೇ?" ಎಂದು ರೇಗಿಸಿದೆ. ಅವಳು ಸೀದಾ ನೆಲಮಾಳಿಗೆಗೆ ಇಳಿದು ಟ್ಯಾಂಕಿನ ಮುಂದೆ ನಿಂತಳು. "ನೀರು ಕಾಯೋದು ಇದ್ರಲ್ಲೇ ತಾನೆ? ಹಾಗಾದ್ರೆ ಇದೇ ಹಂಡೆ," ಅಂದಳು. ಅಲ್ಲಿಗೆ ವಾದ ಮುಗಿಯಿತು. ಪ್ರತಿವರ್ಷ ಹಳೇ ಬೊಟ್ಟುಗಳನ್ನು ತೊಳೆದು ಹೊಸದಾಗಿ ಐದು ಇಡುತ್ತಿದ್ದಳು.

ನನಗೋ ಸಂಕೋಚ. ವರ್ಷಕ್ಕೊಮ್ಮೆ ಹೊಗೆಕೊಳವೆ ಪರೀಕ್ಷೆ ಮಾಡುವವನು ಬಂದಾಗ ಟ್ಯಾಂಕಿನ ಮೇಲೊಂದು ಟವೆಲ್ ಇಳಿಬಿಡುತ್ತಿದ್ದೆ. "ರಕ್ತ ಅಂದ್ಕೊಂಡು ಪೊಲೀಸಿಗೆ ಫೋನ್ ಮಾಡ್ತಾನೆ ಕಣೇ," ಎನ್ನುತ್ತಿದ್ದೆ. "ಏನ್ರೀ ನೀವು? ಕೇಳಿದ್ರೆ ನಮ್ಮನೆ ಹಂಡೆ ಅಂತ ಹೇಳಿ. ನಾಚ್ಕೊಳೋಕೆ ಏನಿದೆ ಇದ್ರಲ್ಲಿ?" ಎಂದು ಟವೆಲ್ ಎಳೆದು ಹಾಕುತ್ತಿದ್ದಳು. ಅವನು ಒಂದು ಸಲವೂ ಕೇಳಲಿಲ್ಲ ಬಿಡಿ.

ಹೋದ ವರ್ಷ ಅವಳಿಗೆ ಕೀಮೋ ನಡೆಯುತ್ತಿತ್ತು. ಮೆಟ್ಟಿಲು ಇಳಿಯುವ ಶಕ್ತಿ ಇರಲಿಲ್ಲ. ನಾನೇ ಬೊಟ್ಟು ಇಡುತ್ತೇನೆ ಅಂದರೂ ಕೇಳಲಿಲ್ಲ. ಒಂದೊಂದು ಮೆಟ್ಟಿಲಲ್ಲೂ ಕೂತು, ಸುಧಾರಿಸಿಕೊಂಡು, ಮತ್ತೆ ಎದ್ದು ಕೆಳಗಿಳಿದಳು. ನಮ್ಮ ಮಗಳು ಮೇಘಾ ಬಟ್ಟಲು ಹಿಡಿದುಕೊಂಡಿದ್ದಳು. ಸುಧಾಳ ಕೈ ನಡುಗುತ್ತಿತ್ತು. ಬೊಟ್ಟುಗಳು ಸಾಲಾಗಿ ಬರಲಿಲ್ಲ, ಐದನೆಯದು ಜಾರಿ ಕೆಳಗಿನವರೆಗೂ ಇಳಿಯಿತು. "ಥೂ, ಸೊಟ್ಟ ಆಯ್ತು. ಇರ್ಲಿ, ಮುಂದಿನ್ ವರ್ಷ ಸರಿಯಾಗಿ ಇಡ್ತೀನಿ," ಅಂದಳು.

ಮಂಗಳವಾರ ಬೆಳಿಗ್ಗೆ ನಾನು ತಿಕ್ಕಿದ್ದು ಆ ಬೊಟ್ಟುಗಳನ್ನು.

ಯೋಚಿಸದೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಕೈ ಒಂದು ಗಳಿಗೆ ನಿಂತಿತ್ತು. ಹೇಗೂ ಗುಜರಿಗೆ ಹೋಗುವುದು ಅಂದುಕೊಂಡೆ. ಬರುವವನು ಇಡೀ ದಿನ ಇಲ್ಲೇ ಕೆಲಸ ಮಾಡುತ್ತಾನೆ, ಕೊಳಕು ಜನ ಅಂದುಕೊಂಡಾನು ಅಂದುಕೊಂಡೆ. ಹುಣಸೆಹಣ್ಣು ಹಾಕಿ ಹಿತ್ತಾಳೆ ಪಾತ್ರೆ ತಿಕ್ಕಿದ ಹಾಗೆ ನಾಲ್ಕೇ ಉಜ್ಜಿಗೆ ಎಲ್ಲ ಹೋಯಿತು. ಅಷ್ಟು ಸುಲಭವಾಗಿ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಂಟಕ್ಕೆ ಬಾಯ್ಲರ್ ಹಾಕುವ ಹುಬರ್ ಬಂದರು. ಐವತ್ತು ದಾಟಿದ, ನಿಧಾನ ಮಾತಿನ ಮನುಷ್ಯ. ಜೊತೆಗೆ ಅವರ ಅಣ್ಣ. ಹೊಸ ಬಾಯ್ಲರ್ ನೋಡಿದರೆ ಅಡುಗೆಮನೆಯ ಗೋಡೆ ಕಪಾಟಿನಷ್ಟೇ ಇದೆ. ಮನೆ ಬೆಚ್ಚಗಿಡುವುದೂ ಅದೇ, ಬಿಸಿನೀರು ಕೊಡುವುದೂ ಅದೇ. ನಲ್ಲಿ ತಿರುಗಿಸಿದಾಗ ಹರಿಯುವ ನೀರನ್ನೇ ಕಾಯಿಸುತ್ತದೆ. ಹಾಗಾಗಿ ಟ್ಯಾಂಕು ಬೇಕಿಲ್ಲ. (ಗ್ಯಾಸ್ ಬಿಟ್ಟು ಕರೆಂಟಿನ ಹೀಟ್ ಪಂಪ್ ಯಾಕೆ ಹಾಕಿಸಲಿಲ್ಲ ಎಂದು ದಯವಿಟ್ಟು ಇಮೇಲ್ ಮಾಡಬೇಡಿ. ಈ ವರ್ಷ ನನಗೆ ಅಷ್ಟೆಲ್ಲ ಯೋಚಿಸುವ ತ್ರಾಣ ಇರಲಿಲ್ಲ.)

ಹುಬರ್ ಮೊದಲು ಹೋಗಿದ್ದು ಟ್ಯಾಂಕಿನ ಹತ್ತಿರ. ಕೈಯಲ್ಲಿ ಸ್ಕ್ರೂಡ್ರೈವರ್, ಹೆಗಲ ಮೇಲೆ ಮಡಿಸಿದ ಹಳೇ ಕಂಬಳಿ. ತಗಡನ್ನು ನೋಡಿದರು. ಪಕ್ಕಕ್ಕೆ ಬಂದು ನೋಡಿದರು. ಟಾರ್ಚ್ ಹಾಕಿ ಮತ್ತೆ ನೋಡಿದರು.

"ಇಲ್ಲಿ ಹಳದಿ, ಕೆಂಪು ಗುರುತುಗಳಿದ್ದವಲ್ಲ?"

"ಒರೆಸಿಬಿಟ್ಟೆ," ಎಂದೆ. ಜರ್ಮನ್ನಿನಲ್ಲಿ, ನಗುತ್ತಾ. "ನೀವು ಕೆಲಸ ಮಾಡುವ ಜಾಗ ಚೊಕ್ಕಟವಾಗಿರಲಿ ಅಂತ."

ಅವರು ನಗಲಿಲ್ಲ. "ನೀವಿಲ್ಲದ ದಿನ ಅಳತೆ ತೆಗೆಯೋಕೆ ಬಂದಿದ್ದಾಗ ನಿಮ್ಮ ಮಗಳು ಒಂದು ಮಾತು ಕೇಳಿದ್ದಳು," ಎಂದರು. "ಟ್ಯಾಂಕು ಹೋದರೂ ಈ ಮುಂದಿನ ತಗಡನ್ನು ಮಾತ್ರ ಬಿಚ್ಚಿ ಕೊಡ್ತೀರಾ ಅಂತ. ಅವಳ ತಾಯಿ ಬೆರಳಿಂದ ಹಾಕಿದ ಗುರುತಂತೆ. ಉಜ್ಜಿಹೋಗಬಾರದು ಅಂತ ಕಂಬಳಿ ತಂದೆ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಯಾರು ಏನಂದುಕೊಳ್ಳುತ್ತಾರೋ ಎಂದು ನಾನು ಒರೆಸಿದೆನೋ, ಅದನ್ನು ಉಳಿಸಲು ಆ ಮನುಷ್ಯನೇ ಮನೆಯಿಂದ ಕಂಬಳಿ ತಂದಿದ್ದ.

ಮೇಘಾಗೆ ಹದಿನಾರು. ಶಾಲೆಯಿಂದ ಬರುವುದು ಎರಡಕ್ಕೆ. ನನ್ನ ಬಳಿ ಐದೂವರೆ ಗಂಟೆಯಿತ್ತು. ಏನು ಮಾಡಿದೆ ಗೊತ್ತೇ? ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳುತ್ತೇನೆ. ಅವರು ಹೊಸದರ ಪೈಪು ಜೋಡಿಸುತ್ತಿದ್ದಾಗ ದೇವರ ಗೂಡಿನಿಂದ ಅರಿಶಿನ ಕುಂಕುಮ ತೆಗೆದು ಬಟ್ಟಲಿನಲ್ಲಿ ಕಲಸಿದೆ. ಬಿಚ್ಚಿಟ್ಟ ತಗಡಿನ ಮುಂದೆ ಕೂತೆ. ಐದು ಬೊಟ್ಟು. ಸೊಟ್ಟಗೆ. ಐದನೆಯದು ಜಾರಿದಂತೆ. ಮಕ್ಕಳಿಗೆ ಎಲ್ಲಿ ಗೊತ್ತಾಗುತ್ತದೆ? ಬೆರಳನ್ನು ಬಟ್ಟಲಿಗೆ ಅದ್ದಿದ್ದೂ ಆಯಿತು. ನನ್ನ ಹೆಬ್ಬೆಟ್ಟು ಎಷ್ಟು ದಪ್ಪ! ಸುಧಾಳ ಬೆರಳಿನ ಗುರುತಿನಷ್ಟು ಜಾಗದಲ್ಲಿ ಅದು ಹಿಡಿಸುವಂತಿರಲಿಲ್ಲ. ಎದ್ದು ಹೋಗಿ ಸಿಂಕಿನಲ್ಲಿ ಕೈ ತೊಳೆದುಕೊಂಡೆ. ಅಲ್ಲೇ ನಿಂತು ಅತ್ತುಬಿಟ್ಟೆ. ಮಾರ್ಚಿನಿಂದ ಈಚೆಗೆ ಅವತ್ತೇ ಮೊದಲ ಸಲ.

ಮಧ್ಯಾಹ್ನದ ಹೊತ್ತಿಗೆ ಜೋಡಣೆ ಮುಗಿಯಿತು. ಇನ್ನು ರೂಮುಗಳನ್ನು ಬೆಚ್ಚಗಿಡುವ ರೇಡಿಯೇಟರುಗಳ ಪೈಪಿಗೆ ನೀರು ತುಂಬುವ ಕೆಲಸ. ಇದು ಮುಚ್ಚಿದ ವ್ಯವಸ್ಥೆಯಂತೆ. ಹೋಸ್ ಸಿಕ್ಕಿಸಿ ನೀರು ಬಿಟ್ಟು, ಗಾಳಿ ತೆಗೆದು, ಪ್ರೆಶರ್ ಮುಳ್ಳು ಒಂದೂವರೆಗೆ ಬಂದಾಗ ನಿಲ್ಲಿಸಿದರೆ ಮುಗಿಯಿತು. ಅದೇ ನೀರು ಮನೆಯೊಳಗೆ ಸುತ್ತುತ್ತಿರುತ್ತದೆ. ಹುಬರ್ ಪುಟ್ಟ ಕೀಲಿ ಹಿಡಿದು ರೂಮಿಂದ ರೂಮಿಗೆ ಹೋಗಿ ಗಾಳಿ ಬಿಟ್ಟರು. ಒಂದು ರೂಮಿನ ಬಾಗಿಲು ಹಾಕಿತ್ತು. ಸುಧಾ ಮಲಗುತ್ತಿದ್ದ ರೂಮು. ಅಲ್ಲಿ ಹೀಟಿಂಗ್ ಬೇಡ, ಬಿಟ್ಟುಬಿಡಿ ಎಂದೆ. "ಹಾಗೆ ಬಿಡೋಕಾಗಲ್ಲ. ಎಲ್ಲವೂ ಒಂದೇ ಪೈಪು," ಎಂದರು. ಬಾಗಿಲು ತೆರೆದೆ. ಒಳಗೆ ತಣ್ಣಗೆ ಕೊರೆಯುತ್ತಿತ್ತು. ರೇಡಿಯೇಟರಿನಿಂದ ಗಾಳಿ ಬಹಳ ಹೊತ್ತು ಬಂತು.

ಆಗಲೇ ಕೆಳಗೆ ಬಾಗಿಲು ಸದ್ದಾಯಿತು. ಮೇಘಾ ಬ್ಯಾಗು ಕೂಡ ಇಳಿಸದೆ ನೆಲಮಾಳಿಗೆಗೆ ಓಡಿದಳು. ನಾನು ಹೋಗುವಷ್ಟರಲ್ಲಿ ಹುಬರ್ ತಗಡಿಗೆ ಸುತ್ತಿಟ್ಟಿದ್ದ ಕಂಬಳಿ ಬಿಡಿಸಿ ಕೂತಿದ್ದಳು. ತಗಡಿನ ಮುಂಭಾಗ ನೋಡಿದಳು. ತಿರುಗಿಸಿ ಹಿಂದೆ ನೋಡಿದಳು.

"ಅಪ್ಪ, ಇದು ಬೇರೆ ಪೀಸ್ ಅಲ್ವಾ?"

ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳು ಜರ್ಮನ್ನಿನಲ್ಲಿ ಉತ್ತರ ಕೊಡುವವಳು. ಅವತ್ತು ಅವಳಾಗಿಯೇ ಕನ್ನಡದಲ್ಲಿ ಕೇಳಿದಳು.

"ಅದೇ ಪುಟ್ಟಾ. ನಾನು ಬೆಳಿಗ್ಗೆ ಒರೆಸಿಬಿಟ್ಟೆ."

"ವರುಮ್?" ಯಾಕೆ?

"ಬರೋವ್ರು ಏನಂದ್ಕೋತಾರೋ ಅಂತ..."

"ಅವ್ರಿಗೆ ನಾನು ಎಲ್ಲಾ ಹೇಳಿದ್ದೆ. ಅಮ್ಮ ಇಟ್ಟಿದ್ದು ಅಂತ ಹೇಳಿದ್ದೆ. ಷೋನ್ ಅಂದ್ರು ಅವ್ರು, ತುಂಬ ಚೆನ್ನಾಗಿದೆ ಅಂದ್ರು!"

"ನನಗೊಂದು ಮಾತು ಹೇಳಬಾರದಿತ್ತಾ?"

"ನೀವು ಅಮ್ಮನ್ ಹೆಸರೇ ಎತ್ತಲ್ಲ ಅಪ್ಪ. ಎತ್ತಿದ್ರೆ ಎದ್ದು ಹೋಗ್ತೀರಾ. ಹೆಂಗ್ ಹೇಳ್ಲಿ?"

ಅವಳು ಹೇಳಿದ್ದು ನಿಜ. ಏಳು ತಿಂಗಳಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಬೇಜಾರಾಗಬಾರದೆಂದು ಸುಧಾಳ ಮಾತೇ ಆಡುತ್ತಿರಲಿಲ್ಲ. ಅವಳ ಚಪ್ಪಲಿ ಎತ್ತಿಟ್ಟೆ, ಕನ್ನಡಕ ಎತ್ತಿಟ್ಟೆ, ಬಾಗಿಲು ಹಾಕಿದೆ. ಮನೆಗೆ ಬಂದವರಿಗೆ ಎಲ್ಲ ಸರಿಯಾಗಿದೆ ಎಂದು ಕಾಣಬೇಕಲ್ಲ! ಬಂದವರು ಹೇಳಿದ್ದೂ ಅದನ್ನೇ, "ಪರವಾಗಿಲ್ಲ, ಮನೆ ಚೆನ್ನಾಗಿ ಇಟ್ಕೊಂಡಿದ್ದೀರಿ." ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಇದೇ ಮನೆಯಲ್ಲಿ ಒಂದು ಹುಡುಗಿ ತನ್ನ ಅಮ್ಮನ ಬೆರಳಿನ ಗುರುತಿಗಾಗಿ ಹೊರಗಿನ ಒಬ್ಬ ಪ್ಲಂಬರನ್ನು ಗುಟ್ಟಾಗಿ ಕೇಳಿಕೊಳ್ಳಬೇಕಾಯಿತು. ಅವಳ ಅಪ್ಪ ಬದುಕಿದ್ದೂ.

ಹುಬರ್ ಮೆಟ್ಟಿಲ ಮೇಲೇ ನಿಂತಿದ್ದರು. ಕಂಬಳಿ ವಾಪಸ್ ಕೇಳಲಿಲ್ಲ. ನಂತರ ಅಣ್ಣತಮ್ಮಂದಿರು ಖಾಲಿ ಟ್ಯಾಂಕನ್ನು ಹೊತ್ತು ವ್ಯಾನಿಗೆ ಹಾಕಿಕೊಂಡು ಹೋದರು.

ಮೇಘಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಆ ಖಾಲಿ ತಗಡನ್ನು ಮತ್ತೆ ಕಂಬಳಿಯಲ್ಲಿ ಸುತ್ತಿ, ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹಿಡಿದುಕೊಳ್ಳಲು ಹೋದೆ, ಬೇಡ ಅಂದಳು. ಅರ್ಧಕ್ಕೆ ನಿಂತು, ತಿರುಗದೆ ಕೇಳಿದಳು, "ಒರೆಸೋಕ್ ಮುಂಚೆ ಫೋಟೋನಾದ್ರೂ ತೆಗೆದ್ರಾ ಅಪ್ಪ? ತಗಡೇ ಸಿಗತ್ತಲ್ಲಾ ಅಂತ ನಾನ್ ತೆಗೀಲಿಲ್ಲ."

ರಾತ್ರಿ ಫೋನಿನಲ್ಲೆಲ್ಲ ಹುಡುಕಿದೆ. ಹೋದ ದೀಪಾವಳಿಯ ಹಣತೆಗಳ ಫೋಟೋ ಇದೆ, ಹೋಳಿಗೆಯದೂ ಇದೆ. ನೆಲಮಾಳಿಗೆಯ ಫೋಟೋ ಯಾರು ತೆಗೆಯುತ್ತಾರೆ?

ಹೊಸ ಬಾಯ್ಲರಿನದು ಮಾತ್ರ ಹನ್ನೊಂದು ತೆಗೆದಿದ್ದೇನೆ.