ಫಿಲೋಮಿನಾ ಆಂಟಿ ಫೋನಿನಲ್ಲಿ ಕೇಳಿದ ಕಾರ್ನಿವಲ್

"ಏನೂ ತರಬೇಡ ಕಣೇ. ಮೆರವಣಿಗೆ ಬಂದಾಗ ಒಂದು ಫೋನ್ ಮಾಡು, ಸಾಕು."

ಗೋವಾಕ್ಕೆ ಹೊರಟವರಿಗೆ ಯಾರಾದರೂ ಹೀಗೆ ಹೇಳ್ತಾರಾ? ಗೋಡಂಬಿ ತಾ ಅಂತಾರೆ. (ಬೇರೇನೋ ತರೋಕೂ ಹೇಳ್ತಾರೆ, ಅದು ಕಿವಿಯಲ್ಲಿ.)

ಹೀಗಂದವರು ವಿಜಯನಗರದ ನಮ್ಮ ಎದುರುಮನೆ ಫಿಲೋಮಿನಾ ಆಂಟಿ. ನಮ್ಮ ರಸ್ತೆಯ ಹೆಂಗಸರ ಬ್ಲೌಸೆಲ್ಲ ಹೊಲಿಯೋದು ಅವರೇ. ಊರು ಮಡಗಾಂವ್. ಅಲ್ಲಿಗೆ ಕೆಲಸಕ್ಕೆ ಹೋಗಿದ್ದ ನಂಜುಂಡಪ್ಪ ಅಂಕಲ್‌ನ ಇಷ್ಟಪಟ್ಟು ಮದುವೆಯಾಗಿ ಇಲ್ಲಿಗೆ ಬಂದರು. ತವರಿನವರು ಬಾಗಿಲು ಹಾಕಿಕೊಂಡರು. ಆಮೇಲೆ ಆಂಟಿ ಆ ಕಡೆ ಹೋಗೇ ಇಲ್ಲ. ಈಗ ಅವರ ಕೈಯ ಮುದ್ದೆ, ಬಸ್ಸಾರು ತಿಂದರೆ ಮಂಡ್ಯದವರೇ ಅನ್ನಬೇಕು.

ಹೋದ ವಾರ ನಾನು, ನಮ್ಮನೆಯವರು ಕಾರ್ನಿವಲ್ ಮೆರವಣಿಗೆ ನೋಡೋಕೆ ಮಡಗಾಂವ್‌ಗೆ ಹೋದ್ವಿ. ಅಬ್ಬಾ, ಏನು ಜನ! ಹಡಗಿನ ಥರ ಅಲಂಕಾರ ಮಾಡಿದ ಟ್ರಕ್ಕು, ಮೀನಿನ ಥರ ಇನ್ನೊಂದು. (ಒಂದು ಟ್ರಕ್ಕಂತೂ ಪೂರ್ತಿ ಏಡಿ. ಕೊಂಡಿ ಆಡಿಸ್ತಾ ಬಂತು.) ಹಿಂದೆ ಬ್ಯಾಂಡು. ರಸ್ತೆ ತುಂಬ ಕುಣಿತ. ಯಾರಿಗೂ ಯಾರ ಸಂಕೋಚವೂ ಇಲ್ಲ.

ನಾನು? ನೋಡೋರನ್ನ ತಡೆಯೋಕೆ ಕಟ್ಟಿದ್ದ ಹಗ್ಗದ ಈಚೆ, ವ್ಯಾನಿಟಿ ಬ್ಯಾಗ್ ಅವಚಿಕೊಂಡು ನಿಂತಿದ್ದೆ.

ಫೋನ್ ಮಾಡಿದೆ. "ಆಂಟಿ, ಬಂತು!" ಅಂತ ಕಿರುಚಿ ಮೊಬೈಲ್ ಎತ್ತಿ ಹಿಡಿದೆ. ಕೈ ನೋವು ಬಂದ ಮೇಲೆ ಕಿವಿಗಿಟ್ಟರೆ ಆ ಕಡೆ ಮಾತೇ ಇಲ್ಲ. ಲೈನ್ ಕಟ್ ಆಯ್ತಾ?

"ಇದೀನಿ, ಇದೀನಿ. ಇನ್ನೊಂದ್ ಸ್ವಲ್ಪ ಹಿಡ್ಕೋ."

ಮತ್ತೆ ಹಿಡಿದೆ. ಆಮೇಲೆ ಆಂಟಿ ಕೇಳಿದರು, "ನನ್ನ ವಯಸ್ಸಿನೋರು ಕುಣೀತಿದಾರೇನೇ?"

ಹುಡುಕಿದೆ. "ಒಬ್ಬರಿದಾರೆ ಆಂಟಿ. ತಲೆ ಪೂರ್ತಿ ಬೆಳ್ಳಗೆ. ಹೂವಿನ ಫ್ರಾಕು. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಕುಣೀತಿದಾರೆ!"

ಆಂಟಿ ಕೊಂಕಣಿಯಲ್ಲಿ ಏನೋ ಅಂದರು. ನನಗೆ ಅರ್ಥವಾಗಲಿಲ್ಲ. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಕೊಂಕಣಿ ಕೇಳಿದ್ದು ಅದೇ ಮೊದಲು.

ವಾಪಸ್ ಬಂದ ಮೇಲೆ ಗೋಡಂಬಿ ಹಿಡ್ಕೊಂಡು ಅವರ ಮನೆಗೆ ಹೋದೆ. (ಬೇಡ ಅಂದರೆ ಬಿಡೋಕಾಗುತ್ತಾ?) ಆಂಟಿ ಮಷಿನ್ ಮುಂದೆ. ಅಂಕಲ್ ಪೇಪರ್ ಮಡಿಚಿಟ್ಟು ಶುರು ಮಾಡಿದರು.

"ಏನಮ್ಮಾ ಅದು, ಅವತ್ತು ಇವಳು ಅಡುಗೆಮನೇಲಿ ಫೋನ್ ಕಿವಿಗಿಟ್ಕೊಂಡು ಕುಣೀತಿದ್ಲು! ಮದುವೆಯಾದ ಮೇಲೆ ಫಸ್ಟ್ ಟೈಮ್ ನೋಡಿದ್ದು ನಾನು. ಮುಂದಿನ ವರ್ಷ ಕರ್ಕೊಂಡು ಹೋಗ್ತೀನಿ ಅಂದ್ರೆ ಒಲ್ಲೆ ಅಂತಾಳೆ."

"ಯಾಕೆ ಆಂಟಿ?"

ಆಂಟಿ ದಾರ ಕಚ್ಚಿ ತುಂಡು ಮಾಡಿದರು. "ನಾನು ಟ್ರಕ್ ಮೇಲೆ ನಿಂತು ಕುಣಿದೋಳು ಕಣೇ. ಎಲ್ಲರ ಡ್ರೆಸ್ಸೂ ನಾನೇ ಹೊಲಿದಿದ್ದೆ. ಈಗ ಹೋದ್ರೆ ನಿನ್ನ ಥರ ಹಗ್ಗದ ಈಚೆ ನಿಲ್ಲಬೇಕಲ್ಲ. ನೋಡೋ ಆಸೆ ಅಲ್ಲ ನಂದು."

"ಆ ಫ್ರಾಕ್ ಹಾಕಿದ್ದೋರೂ ನಿಮ್ಮ ವಯಸ್ಸಿನೋರೇ ಅಲ್ವಾ?"

"ಅವಳು ಅಲ್ಲೇ ಇದ್ದೋಳು, ಅವಳ ಕಾಲಿಗೆ ಅಭ್ಯಾಸ ಇದೆ. ನಾನು ಇಷ್ಟು ವರ್ಷ ಇಲ್ಲಿ ಗೇಟ್ ಹಿಡ್ಕೊಂಡು ನಿಂತೋಳು."

ಹೌದಲ್ಲ. ನಮ್ಮ ರಸ್ತೆಗೇನು ಮೆರವಣಿಗೆ ಬರೋದಿಲ್ವಾ? ಗಣಪತಿ ಬಿಡೋ ದಿನ ತಮಟೆಯವರು ನಮ್ಮ ಮನೆ ಮುಂದೆಯೇ ನಿಂತು ಬಾರಿಸ್ತಾರೆ. ಗಂಡಸರು ಶರ್ಟ್ ಒದ್ದೆಯಾಗೋ ಹಾಗೆ ಕುಣೀತಾರೆ. ನಾವು ಹೆಂಗಸರು ಆರತಿ ತಟ್ಟೆ ಹಿಡ್ಕೊಂಡು ಗೇಟಿನ ಒಳಗೆ. ಸೀರೆಯ ನೆರಿಗೆಯೊಳಗೆ ಕಾಲು ಸುಮ್ಮನೆ ಇರುತ್ತಾ? (ನನ್ನದಂತೂ ಇರಲ್ಲ.) ಆದರೂ ಅಲ್ಲೇ ನಿಲ್ತೀವಿ. ಕುಣೀಬೇಡ ಅಂತ ನಮಗೆ ಯಾರೂ ಹೇಳಿಲ್ಲ. ಬಾ ಅಂತಲೂ ಕರೆದಿಲ್ಲ.

ಅಂಕಲ್ ನಮ್ಮಿಬ್ಬರ ಮುಖ ನೋಡಿದರು. ಪಾಪ, ಅವರಿಗೆ ನಿಜಕ್ಕೂ ಆಶ್ಚರ್ಯ.

"ಅಲ್ಲಾ, ಆ ಗೇಟ್‌ಗೆ ಬೀಗ ಹಾಕಿದೋರು ಯಾರು?"

ಆಂಟಿ ಮತ್ತೆ ಮಷಿನ್ ತುಳಿದರು. ನಿಮಗೇನಾದರೂ ಉತ್ತರ ಗೊತ್ತಾ?