ಷೋಕೇಸಿನಲ್ಲಿದ್ದ ಡೈನೋಸಾರ್

ಕುಂಬಾರಕೊಪ್ಪಲಿನ ನಮ್ಮ ಚಿಕ್ಕಪ್ಪ ನಿವೃತ್ತರಾದ ಮೇಲೆ ತಮಿಳುನಾಡಿನ ಅರಿಯಲೂರಿನ ಕಡೆ ಹೋಗಿ ಕಲ್ಲು ಆರಿಸಿ ತರುತ್ತಿದ್ದರು. ಸಿಕ್ಕಿದ್ದನ್ನು ನಾಲಗೆಗೆ ಒತ್ತಿ ನೋಡುವುದು ಅವರ ಪರೀಕ್ಷೆ. ಕಲ್ಲಾದ ಮೂಳೆ ನಾಲಗೆಗೆ ಅಂಟುತ್ತದೆ, ಬರಿಯ ಕಲ್ಲು ಅಂಟುವುದಿಲ್ಲ. ಷೋಕೇಸಿನಲ್ಲಿ ಗೊಂಬೆಗಳ ಪಕ್ಕ ಇಟ್ಟಿದ್ದ ತೆಂಗಿನಕಾಯಿ ಗಾತ್ರದ ತುಂಡು ಡೈನೋಸಾರಿನದೇ ಎಂದು ಅವರ ವಾದ. ವಿಜ್ಞಾನಿಯೊಬ್ಬರು ಹೌದು ಅಂದುಬಿಟ್ಟರೆ ಸಾಕಿತ್ತು ಅವರಿಗೆ. ಎಂ.ಎಸ್ಸಿ. ಮಾಡಿದ ನಾನು ನಂಬಿರಲಿಲ್ಲ. ಚಿಕ್ಕಮ್ಮನೂ ನಂಬಿರಲಿಲ್ಲ, ಅದಕ್ಕೇ ದಿನಾ ಅದರ ಧೂಳು ಒರೆಸುತ್ತಿದ್ದರು.

ಕಳೆದ ವರ್ಷ ನಾನೇ ಪಳೆಯುಳಿಕೆಗಳ ಸಂಶೋಧಕಿಯೊಬ್ಬರನ್ನು ಕರೆತಂದೆ. ಅವರು ಲೆನ್ಸ್ ಹಿಡಿದು ನೋಡಿ, "ಸಾರ್, ಇದು ಡೈನೋಸಾರ್ ಮೂಳೇನೇ. ನಮ್ಮ ಸಂಗ್ರಹಕ್ಕೆ ಕೊಟ್ರೆ ತುಂಬ ಉಪಕಾರ" ಎಂದರು.

ಚಿಕ್ಕಪ್ಪ ಹಿಗ್ಗಿಹೋದರು. "ಪ್ರಾಣ ಹೋದ್ರೂ ಕೊಡಲ್ಲಮ್ಮ."

ಅಷ್ಟರಲ್ಲಿ ಚಿಕ್ಕಮ್ಮ ಅಡುಗೆಮನೆಯಿಂದ ಬಂದರು. "ರೀ, ಮೂಳೇನಾ? ದೇವರ ಮನೆ ಪಕ್ಕ ಮೂಳೆ ಇಟ್ಟಿದ್ರಾ? ಅದನ್ನ ನೆಕ್ಕಿದ್ರಾ?"

"ಸೊಪ್ಪು ತಿನ್ನೋ ಜಾತಿ ಕಣೇ, ನಮ್ಮ ಹಾಗೇ! ಅಲ್ವೇನಮ್ಮ?"

ಸಂಶೋಧಕಿ ಹೌದೆಂದು ತಲೆಯಾಡಿಸಿದರು.

"ಏನು ತಿಂದ್ರೂ ಮೂಳೆ ಮೂಳೇನೇ ಕಣ್ರೀ. ಸಾಯಂಕಾಲ ದೀಪ ಹಚ್ಚೋದ್ರೊಳಗೆ ಆಚೆ ಹೋಗ್ಬೇಕು."

ಸಂಶೋಧಕಿ ಅದನ್ನು ಹಳೆಯ ಟವಲಿನಲ್ಲಿ ಸುತ್ತಿಕೊಂಡು ಹೊರಟರು. ಈಗ ಅದು ಅವರ ಸಂಗ್ರಹದ ಕಪಾಟಿನಲ್ಲಿದೆ, ಪಕ್ಕದಲ್ಲಿ ಚಿಕ್ಕಪ್ಪನ ಹೆಸರಿನ ಚೀಟಿ. ನ್ಯಾಯವಾಗಿ ಚಿಕ್ಕಮ್ಮನ ಹೆಸರೂ ಇರಬೇಕಿತ್ತು.

ಟವಲಿನಲ್ಲಿ ಸುತ್ತುವ ಮೊದಲು ನಾನೂ ನಾಲಗೆ ತಾಗಿಸಿದೆ, ಅಂಟಿತು ಎಂದು ನನ್ನ ನೆನಪು. "ನೀನೆಲ್ಲಿ ಮುಟ್ಟಿದ್ಯೋ, ಬಾಗಿಲಲ್ಲೇ ನಿಂತಿದ್ದೆ" ಎನ್ನುತ್ತಾರೆ ಚಿಕ್ಕಪ್ಪ. ಇನ್ನೊಮ್ಮೆ ನೆಕ್ಕಿ ನೋಡೋಣವೆಂದರೆ ಆ ಕಪಾಟಿಗೆ ಬೀಗ ಹಾಕಿದ್ದಾರೆ.